22ನೇ ನಂಬರ್ ಬಸ್ಸಿನಲ್ಲಿ ಸಾಂಟಾ ಕ್ಲಾರಾ

ಶನಿವಾರ

ಅಮೆರಿಕದಲ್ಲಿರೋ ನನ್ನ ತಮ್ಮ, ನನಗೆ ತೋರಿಸೋಕೆ ಅಂತ ದೊಡ್ಡ ಪಟ್ಟಿಯನ್ನೇ ಮಾಡಿಟ್ಟಿದ್ದ. ಗೋಲ್ಡನ್ ಗೇಟ್, ಯೋಸೆಮಿಟಿ, ಲಾಸ್ ವೇಗಸ್. "ಅದೆಲ್ಲ ಆಮೇಲೆ ನೋಡೋಣ ಕಣೋ, ಮೊದಲು ನಿನ್ನ ಜಿಲ್ಲೆ ತೋರಿಸು" ಅಂದೆ. ಅವನ ಹೆಂಡತಿಗೆ ನಗು. "ಭಾವ, ಇಲ್ಲಿ ನೋಡೋಕೆ ಏನಿದೆ? ಬರೀ ಆಫೀಸು, ಪಾರ್ಕಿಂಗ್ ಲಾಟು."

ಜನ ಇದ್ದಾರಲ್ಲ, ಅಷ್ಟು ಸಾಕು. ನಾನು ತಿಪಟೂರು ಕಡೆಯ ಪ್ರೈಮರಿ ಸ್ಕೂಲ್ ಮೇಷ್ಟ್ರು, ಈಗ ರಿಟೈರ್ಡ್. 2011ರ ಜನಗಣತಿಯಲ್ಲಿ ಮನೆ ಮನೆ ಸುತ್ತಿದವನು. ಯಾವ ಊರಿಗೆ ಹೋದರೂ ಇಲ್ಲಿ ಯಾರಿದ್ದಾರೆ, ಎಲ್ಲಿಂದ ಬಂದರು, ಹೊಟ್ಟೆಪಾಡಿಗೆ ಏನು ಮಾಡ್ತಾರೆ ಅನ್ನೋದೇ ನನಗೆ ಮೊದಲು ಹೊಳೆಯುವ ಪ್ರಶ್ನೆ.

ತಮ್ಮ ಇರೋದು ಸನ್ನಿವೇಲ್‌ನಲ್ಲಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ. ಸಿಲಿಕಾನ್ ವ್ಯಾಲಿ ಅಂತ ನಾವು ಕರೆಯೋ ಜಾಗದ ಬಹುಭಾಗ ಇದೇ. 1850ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯವಾದ ವರ್ಷವೇ, ಹುಟ್ಟಿದ ಕೌಂಟಿ ಇದು. ಒಳಗೆ 15 ನಗರಗಳಿವೆ. 2020ರ ಗಣತಿಯ ಪ್ರಕಾರ ಜನಸಂಖ್ಯೆ 19,36,259. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ಹತ್ತು ಲಕ್ಷ ಚಿಲ್ಲರೆ ಜನ, ಸ್ಯಾನ್ ಹೋಸೆ ಒಂದರಲ್ಲೇ ಇದ್ದಾರೆ.

ಏಷ್ಯನ್ನರು ಸುಮಾರು ಶೇ. 39. ಬಿಳಿಯರು ಶೇ. 29ರ ಹತ್ತಿರ. ಲ್ಯಾಟಿನೋ ಜನ, ಅಂದರೆ ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆಯ ಮೂಲದವರು, ಶೇ. 25. ಕರಿಯರು ಎರಡು ಚಿಲ್ಲರೆ. ಅಂದರೆ ಇಲ್ಲಿ ಬಹುಸಂಖ್ಯಾತರು ಅಂತ ಯಾರೂ ಇಲ್ಲ. ಹತ್ತು ಜನರಲ್ಲಿ ನಾಲ್ಕು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುತ್ತಾರೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆ 'ಏಷ್ಯನ್' ಅನ್ನೋ ಡಬ್ಬದೊಳಗೆ ಚೀನಾದವರು, ನಮ್ಮವರು, ವಿಯೆಟ್ನಾಮಿನವರು, ಫಿಲಿಪಿನೋಗಳು, ಕೊರಿಯನ್ನರು, ಜಪಾನಿನವರು ಎಲ್ಲರೂ ಇದ್ದಾರೆ. ಚಿಪ್ ಡಿಸೈನ್ ಮಾಡೋ ಎಂಜಿನಿಯರೂ ಏಷ್ಯನ್ನೇ, ಉಗುರಿಗೆ ಬಣ್ಣ ಹಚ್ಚೋ ಹೆಂಗಸೂ ಏಷ್ಯನ್ನೇ.

ಸಂಜೆ ಪಾರ್ಕಿಗೆ ಹೋದೆ. ನಿದ್ದೆ ಕೆಟ್ಟಿತ್ತು, ಸುಮ್ನೆ ಸುತ್ತೋಣ ಅಂತ. ಬೆಂಚಿನ ತುಂಬ ನನ್ನ ವಯಸ್ಸಿನವರೇ! ಸೀರೆ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ಒಂದು ಬೆಂಚು ತೆಲುಗು, ಒಂದು ಮರಾಠಿ. ಮೂರನೆಯದರಲ್ಲಿ "ನಮ್ಮ ಸೊಸೆ ಆಫೀಸಿಂದ ಬರೋದೇ ಏಳಕ್ಕೆ" ಅನ್ನೋದು ಕಿವಿಗೆ ಬಿತ್ತು, ಅಲ್ಲೇ ಕೂತೆ. ದಾವಣಗೆರೆಯವರು. ಮೊಮ್ಮಗುವನ್ನು ನೋಡಿಕೊಳ್ಳೋಕೆ ಆರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಅವರು ಹೋದ ಮೇಲೆ ಬೀಗರು ಬರ್ತಾರಂತೆ, ಪಾಳಿ ಮೇಲೆ. ನಮ್ಮಂಥ ವಿಸಿಟರ್ ವೀಸಾದವರನ್ನು ಇಲ್ಲಿನ ಗಣತಿ ಎಣಿಸೋದಿಲ್ಲ. ಆದರೆ ಈ ಬೆಂಚಿನವರೆಲ್ಲ ಒಂದು ದಿನ ಕೈಕಟ್ಟಿ ಕೂತರೆ ಎಷ್ಟು ಮೀಟಿಂಗ್ ಕ್ಯಾನ್ಸಲ್ ಆಗಬಹುದು ಅಂತ ಯೋಚನೆ ಬಂತು.

ಪಕ್ಕದ ಕೂಪರ್ಟಿನೋಗೆ ಕಾರಿನಲ್ಲಿ ಒಂದು ಸುತ್ತು ಹಾಕಿದೆವು. ಆಪಲ್ ಕಂಪನಿಯ ಊರು. ನಲವತ್ತು ವರ್ಷದ ಹಿಂದೆ ಇಲ್ಲಿ ಬಿಳಿಯರೇ ಬಹುಪಾಲು ಇದ್ದರು. ಈಗ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಏಷ್ಯನ್ನರು, ಅದರಲ್ಲೂ ಚೀನಾದವರು ಮತ್ತು ನಮ್ಮವರು. ಕಾರಣ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಸ್ಕೂಲು. ಒಳ್ಳೆ ಸರ್ಕಾರಿ ಶಾಲೆಯ ವ್ಯಾಪ್ತಿಯಲ್ಲಿ ಮನೆ ಬೇಕು ಅಂತ ಜನ ಮುಗಿಬಿದ್ದು ಬೆಲೆ ಏರಿಸಿದರು. ಏರಿ ಏರಿ ಎಲ್ಲಿಗೆ ಬಂತು ಅಂದರೆ, ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ಅಲ್ಲಿ ಮನೆ ಕೊಳ್ಳೋಕೇ ಆಗದೆ, ಮಕ್ಕಳ ಸಂಖ್ಯೆ ಕಡಿಮೆಯಾಗಿ 2022ರಲ್ಲಿ ಅಲ್ಲಿನ ಕೆಲವು ಶಾಲೆಗಳನ್ನೇ ಮುಚ್ಚಬೇಕಾಯಿತು. ಮಕ್ಕಳಿಲ್ಲದೆ ಶಾಲೆ ಮುಚ್ಚೋದು ನಮ್ಮ ಹಳ್ಳಿಗಳಲ್ಲಿ ನೋಡಿದ್ದೇನೆ. ದುಡ್ಡು ಜಾಸ್ತಿಯಾಗಿ ಮುಚ್ಚಿದ್ದನ್ನು ಇಲ್ಲೇ ಕಂಡದ್ದು.

ಭಾನುವಾರ

ಸನ್ನಿವೇಲ್ ದೇವಸ್ಥಾನ. ಹೊರಗಿಂದ ನೋಡಿದರೆ ದೇವಸ್ಥಾನ ಅಂತ ಗೊತ್ತೇ ಆಗೋದಿಲ್ಲ, ಗೋಡೌನ್ ತರಹದ ಕಟ್ಟಡ. ಒಳಗೆ ಉತ್ತರದ ದೇವರು, ದಕ್ಷಿಣದ ದೇವರು ಎಲ್ಲ ಒಂದೇ ಹಾಲ್‌ನಲ್ಲಿ ಸಾಲಾಗಿ ನಿಂತಿದ್ದಾರೆ. ಈ ಕೌಂಟಿಯಲ್ಲಿ ಹಿಂದೂಗಳೆಷ್ಟು, ಮುಸ್ಲಿಮರೆಷ್ಟು, ಸಿಖ್ಖರೆಷ್ಟು ಅನ್ನೋ ಸರ್ಕಾರಿ ಲೆಕ್ಕ ಸಿಗೋದಿಲ್ಲ. ಅಮೆರಿಕದ ಗಣತಿಯಲ್ಲಿ ಧರ್ಮದ ಬಗ್ಗೆ ಕಡ್ಡಾಯವಾಗಿ ಕೇಳುವ ಹಾಗಿಲ್ಲ ಅಂತ 1976ರಿಂದ ಕಾನೂನೇ ಇದೆ. ನಮ್ಮಲ್ಲಿ ಧರ್ಮ ಕೇಳ್ತೀವಿ, ರೇಸ್, ಅಂದರೆ ಜನಾಂಗ, ಕೇಳೋದಿಲ್ಲ. ಇಲ್ಲಿ ರೇಸ್ ಕೇಳ್ತಾರೆ, ಧರ್ಮ ಕೇಳೋದಿಲ್ಲ.

ಜಾತಿಯ ಕಾಲಂ ಅಂತೂ ಇಲ್ಲವೇ ಇಲ್ಲ. ಆದರೆ ಜಾತಿ ಇಲ್ವಾ? ಸ್ಯಾನ್ ಹೋಸೆಯ ಸಿಸ್ಕೋ ಕಂಪನಿಯಲ್ಲಿ ದಲಿತ ಎಂಜಿನಿಯರ್ ಒಬ್ಬರಿಗೆ ತಾರತಮ್ಯ ಆಯಿತು ಅಂತ 2020ರಲ್ಲಿ ರಾಜ್ಯದ ನಾಗರಿಕ ಹಕ್ಕುಗಳ ಇಲಾಖೆಯೇ ಕೇಸು ಹಾಕಿತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. 2023ರಲ್ಲಿ ಜಾತಿ ತಾರತಮ್ಯದ ವಿರುದ್ಧದ ಮಸೂದೆ ಶಾಸನಸಭೆಯಲ್ಲಿ ಪಾಸಾಯಿತು. ಈಗಿರೋ ಕಾನೂನೇ ಸಾಕು ಅಂತ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕದೆ ತಿರಸ್ಕರಿಸಿದರು. ಪ್ರಸಾದದ ಸಾಲಿನಲ್ಲಿ ಈ ಮಾತು ತೆಗೆದೆ. ಒಬ್ಬರು "ಅದೆಲ್ಲ ಇಲ್ಲಿ ಇಲ್ಲ ಸಾರ್, ಸುಮ್ನೆ ಗಲಾಟೆ" ಅಂದರು. ಅವರೇ ಹತ್ತು ನಿಮಿಷ ಬಿಟ್ಟು, ಊರು ಯಾವುದು, ಮನೆ ಯಾವ ಬೀದಿ, ಮನೆದೇವರು ಯಾವುದು ಅಂತ ಸುತ್ತಿ ಬಳಸಿ ಕೇಳಿದರು. ಮೂವತ್ತೈದು ವರ್ಷ ಅಡ್ಮಿಷನ್ ರಿಜಿಸ್ಟರ್ ಬರೆದವನಿಗೆ ಆ ಪ್ರಶ್ನೆಗಳು ಎಲ್ಲಿಗೆ ಹೋಗ್ತಿವೆ ಅಂತ ತಿಳಿಯೋದಿಲ್ವಾ?

ಕನ್ನಡ ಕೂಟದವರು ಕೆಲವರು ಸಿಕ್ಕರು. 2014ರಲ್ಲಿ ಸ್ಯಾನ್ ಹೋಸೆಯಲ್ಲೇ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನ ನಡೆದಾಗ ಓಡಾಡಿದ ಕಥೆ ಹೇಳಿದರು. ಹಳಬರಲ್ಲಿ ಬಹಳ ಮಂದಿ 1965ರ ವಲಸೆ ಕಾನೂನಿನ ನಂತರ ಓದೋಕೆ ಅಂತ ಬಂದವರು, ಅವರಿಗೆ ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡ್ ಬೇಗ ಸಿಕ್ಕಿತ್ತು. 1990ರ ಕಾನೂನಿನಿಂದ ಬಂದ ಎಚ್-1ಬಿ ಅನ್ನೋ ಕೆಲಸದ ವೀಸಾದವರ ಕಥೆಯೇ ಬೇರೆ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕೂ ಶೇ. 7ಕ್ಕಿಂತ ಜಾಸ್ತಿ ಇಲ್ಲ. ಅಷ್ಟು ದೊಡ್ಡ ದೇಶದಿಂದ ಬಂದ ನಮ್ಮವರ ಸಾಲು ಕರಗೋದೇ ಇಲ್ಲ. ತಮ್ಮ ಬಂದು ಹದಿನೈದು ವರ್ಷ ಆಯಿತು, ಇನ್ನೂ ಕಾಯ್ತಾ ಇದ್ದಾನೆ. ಮಗಳು ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆ, ಅಪ್ಪ ಇನ್ನೂ ವೀಸಾದವನು. ಒಂದೇ ಮನೆಯೊಳಗೆ ಎರಡು ಥರದ ಜನ.

ಸೋಮವಾರ

ಇವತ್ತು ಒಬ್ಬನೇ ಹೊರಟೆ. ತಮ್ಮನಿಗೆ ಆಫೀಸು. "ಬಸ್ಸಲ್ಲಿ ಯಾರೂ ಹೋಗಲ್ಲ ಅಣ್ಣ ಇಲ್ಲಿ" ಅಂದ. ಹಾಗಂದಿದ್ದಕ್ಕೇ ಹೋಗಬೇಕು ಅನ್ನಿಸಿತು.

ಟ್ರೈನಿನಲ್ಲಿ ಪಾಲೋ ಆಲ್ಟೋಗೆ ಹೋಗಿ ಅಲ್ಲಿಂದ 22ನೇ ನಂಬರ್ ಬಸ್ ಹತ್ತಿದೆ. ಕೌಂಟಿಯ ಒಂದು ತುದಿಯ ಸ್ಟ್ಯಾನ್‌ಫರ್ಡ್ ಪಕ್ಕದಿಂದ ಹೊರಟು ಸ್ಯಾನ್ ಹೋಸೆಯ ಪೂರ್ವದ ಈಸ್ಟ್‌ರಿಡ್ಜ್‌ವರೆಗೆ ಹೋಗುವ ಬಸ್ಸು. ಹೆಚ್ಚು ಕಡಿಮೆ ಎರಡು ಗಂಟೆ ದಾರಿ. ಇಲ್ಲಿನ ಜನ ಹೇಗೆ ಹಂಚಿಕೊಂಡಿದ್ದಾರೆ ಅಂತ ತಿಳಿಯೋಕೆ ಇಷ್ಟು ಕಡಿಮೆ ದುಡ್ಡಲ್ಲಿ ಬೇರೆ ದಾರಿಯಿಲ್ಲ.

ಎಲ್ ಕಮೀನೋ ರಿಯಲ್ ಅನ್ನೋ ಉದ್ದನೆಯ ರಸ್ತೆ. ಎಡಕ್ಕೆ, ಬಲಕ್ಕೆ ಮರಗಳ ಹಿಂದೆ ಕೋಟಿಗಟ್ಟಲೆ ಬೆಲೆಯ ಮನೆಗಳು. ಇಡೀ ಕೌಂಟಿಯಲ್ಲಿ ಒಂದು ಕುಟುಂಬದ ನಡುಮಧ್ಯದ ಆದಾಯವೇ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಿದೆ, ಅಮೆರಿಕದಲ್ಲೇ ಮೇಲಿನ ಸಾಲು. ಬಸ್ಸಿನೊಳಗೆ ಆ ಜನ ಯಾರೂ ಇಲ್ಲ. ನನ್ನ ಪಕ್ಕ ಕೂತಾಕೆ ನರ್ಸಿಂಗ್ ಹೋಮಿನ ಯೂನಿಫಾರಂನಲ್ಲೇ ತೂಕಡಿಸ್ತಿದ್ದರು, ರಾತ್ರಿ ಪಾಳಿ ಮುಗಿಸಿ ಬಂದ ಫಿಲಿಪಿನೋ ಹೆಂಗಸು. ಎದುರಿಗೆ ಹೋಟೆಲ್ ಅಡುಗೆಯವರು ಇಬ್ಬರು, ಸ್ಪ್ಯಾನಿಷ್‌ನಲ್ಲಿ ಹರಟೆ. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗ.

ಪಾಲೋ ಆಲ್ಟೋ ದಾಟುವ ಮೊದಲು ಬ್ಯೂನಾ ವಿಸ್ತಾ ಅನ್ನೋ ಮೊಬೈಲ್ ಹೋಮ್ ಪಾರ್ಕ್, ಅಂದರೆ ಎಳೆದು ಸಾಗಿಸಬಹುದಾದ ಸಿದ್ಧ ಮನೆಗಳ ಬಡಾವಣೆ, ಇದೆ. ಅಷ್ಟು ದುಬಾರಿ ಊರಿನ ನಡುವೆ ನಾನೂರರ ಹತ್ತಿರ ಜನ, ಹೆಚ್ಚಿನವರು ಲ್ಯಾಟಿನೋ ಕೂಲಿ ಕೆಲಸದವರು. ಜಾಗ ಮಾರಿ ಖಾಲಿ ಮಾಡಿಸೋ ಮಾತು ನಡೆದಾಗ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2017ರಲ್ಲಿ ಕೌಂಟಿಯ ವಸತಿ ಪ್ರಾಧಿಕಾರವೇ ಕೊಂಡುಕೊಂಡಿತು, ಜನ ಉಳಿದುಕೊಂಡರು. ಎಲ್ಲರಿಗೂ ಆ ಅದೃಷ್ಟ ಇಲ್ಲ. ರಸ್ತೆ ಬದಿಗೆ ಹಳೇ ವ್ಯಾನ್‌ಗಳ ಸಾಲು, ಕಿಟಕಿಗೆ ರಟ್ಟು. ಅವುಗಳಲ್ಲೂ ಸಂಸಾರ ನಡೀತಿದೆ. ಒಂದರ ಕನ್ನಡಿಗೆ ಮಗುವಿನ ಅಂಗಿ ಒಣಹಾಕಿದ್ದರು.

ಈ ಕೌಂಟಿಯಲ್ಲಿ ಮನೆಯಿಲ್ಲದವರ ತಲೆ ಎಣಿಸಿದಾಗ ಈಚಿನ ವರ್ಷಗಳಲ್ಲಿ ಸಿಗೋ ಲೆಕ್ಕ ಹತ್ತು ಸಾವಿರದ ಆಸುಪಾಸು. ಈ ಬಸ್ಸಿಗೆ 'ಹೋಟೆಲ್ 22' ಅಂತ ಅಡ್ಡಹೆಸರು ಬಿದ್ದದ್ದೂ ಅವರಿಂದಲೇ. ರಾತ್ರಿಯಿಡೀ ಓಡುತ್ತಿದ್ದ ಕಾಲದಲ್ಲಿ ಟಿಕೆಟ್ ತಗೊಂಡು ಈ ತುದಿಯಿಂದ ಆ ತುದಿಗೆ ನಿದ್ದೆ ಮಾಡುತ್ತಾ ಹೋಗಿ, ಇಳಿದು, ಮತ್ತೆ ಹತ್ತುತ್ತಿದ್ದರು. ಇವತ್ತೂ ಹಿಂದಿನ ಮೂಲೆಯಲ್ಲಿ ಒಬ್ಬ ಮುದುಕ ಎರಡು ಬ್ಯಾಗು ಕಾಲಸಂದಿಗೆ ಸಿಕ್ಕಿಸಿಕೊಂಡು ಮಲಗಿದ್ದ. ಬ್ಯಾಗಿನ ಪಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡಿದ್ದ. ಡ್ರೈವರ್ ಎಬ್ಬಿಸಲಿಲ್ಲ.

ಸಾಂಟಾ ಕ್ಲಾರಾ ನಗರ ಬರುತ್ತಿದ್ದ ಹಾಗೆ ಅಂಗಡಿ ಬೋರ್ಡುಗಳು ಕೊರಿಯನ್ ಲಿಪಿಗೆ ತಿರುಗಿದವು. ಆಮೇಲೆ ಹಳೇ ಮಿಷನ್ ಚರ್ಚು. ಆ ಮಿಷನ್ ಅನ್ನು ಸ್ಪೇನಿನ ಪಾದ್ರಿಗಳು ಶುರು ಮಾಡಿದ್ದು 1777ರಲ್ಲಿ. ಸ್ಯಾನ್ ಹೋಸೆ ಊರು ಹುಟ್ಟಿದ್ದೂ ಅದೇ ವರ್ಷ. ಅದಕ್ಕೂ ಸಾವಿರಾರು ವರ್ಷ ಮುಂಚಿನಿಂದ ಇದ್ದವರು ಓಲೋನೀ ಜನ. ಮಿಷನ್‌ಗಳಲ್ಲಿ ಕಾಯಿಲೆ, ದುಡಿತಕ್ಕೆ ಸಿಕ್ಕಿ ಬಹಳ ಜನ ಸತ್ತರು. ಉಳಿದವರ ಮಕ್ಕಳು ಮೊಮ್ಮಕ್ಕಳಾದ ಮುವೆಕ್ಮಾ ಓಲೋನೀಗಳು ಬುಡಕಟ್ಟು ಅಂತ ಕೇಂದ್ರ ಸರ್ಕಾರದ ಮಾನ್ಯತೆ ಬೇಕೆಂದು ದಶಕಗಳಿಂದ ಕೇಳುತ್ತಲೇ ಇದ್ದಾರೆ. ನೆಲದ ಜನಕ್ಕೇ ನೀವು ಯಾರು ಅಂತ ಪುರಾವೆ ಕೇಳೋದು ನೋಡಿ!

ಸ್ಯಾನ್ ಹೋಸೆ ಪೇಟೆ ದಾಟಿದ ಮೇಲೆ ಬಸ್ಸು ತುಂಬಿತು. ಎಳೆಮಕ್ಕಳ ಗಾಡಿ, ಅಕ್ಕಿ ಮೂಟೆ, ಮೊಪ್ಪು. ಎತ್ತರದ ಎರಡು ಗೋಪುರದ ಬಿಳಿ ಚರ್ಚು ಬಂತು, ಅಜೋರ್ಸ್ ದ್ವೀಪಗಳಿಂದ ಬಂದ ಪೋರ್ಚುಗೀಸರು ನೂರು ವರ್ಷದ ಹಿಂದೆ ಕಟ್ಟಿದ್ದು. ಅವರು ಹೈನುಗಾರಿಕೆಗೆ, ಹಣ್ಣಿನ ತೋಟಕ್ಕೆ ಬಂದವರು. ಆಗ ಈ ಕಣಿವೆಯ ತುಂಬ ಪ್ಲಮ್ಮು, ಏಪ್ರಿಕಾಟ್ ತೋಟಗಳು, ಹಣ್ಣು ಡಬ್ಬಿಗೆ ತುಂಬೋ ಫ್ಯಾಕ್ಟರಿಗಳು ಇದ್ದವು. ಕೊಯ್ಯೋಕೆ ಕೈ ಬೇಕಿತ್ತು. ಚೀನಾ, ಜಪಾನ್, ಇಟಲಿ, ಪೋರ್ಚುಗಲ್, ಫಿಲಿಪೀನ್ಸ್, ಮೆಕ್ಸಿಕೋ ಅಂತ ಒಂದಾದ ಮೇಲೊಂದು ಕಡೆಯಿಂದ ಕೈಗಳು ಬಂದವು.

ಕಿಂಗ್ ರೋಡಿನ ಹತ್ತಿರ ಇಳಿದೆ. ಬೋರ್ಡೆಲ್ಲ ಸ್ಪ್ಯಾನಿಷ್. ಒಂದು ಅಂಗಡಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿಗೆ ಬೀನ್ಸ್ ಕಾಳು ತುಂಬಿ ಕೊಟ್ಟರು. ಹಸಿಮೆಣಸಿನಕಾಯಿ ಚಟ್ನಿ ಜೊತೆ. ಬಂದಾಗಿನಿಂದ ಹೊರಗೆ ತಿಂದದ್ದರಲ್ಲಿ ಇದೇ ರುಚಿ. ಇದೇ ಸುತ್ತಮುತ್ತ ಸಾಲ್ ಸಿ ಪ್ವೇದೆಸ್ ಅನ್ನೋ ಕೆಸರು ಬೀದಿಗಳ ಬಡಾವಣೆ ಇತ್ತು, ಮೆಕ್ಸಿಕನ್ ತೋಟದ ಕೂಲಿಗಳದ್ದು. ಮುಂದೆ ತೋಟದ ಕೂಲಿಗಳ ಸಂಘ ಕಟ್ಟಿದ ಸೀಸರ್ ಚಾವೆಜ್ 1952ರಲ್ಲಿ ಸಂಘಟನೆಯ ಕೆಲಸಕ್ಕೆ ಇಳಿದದ್ದು ಇಲ್ಲಿಂದಲೇ.

ಮಂಗಳವಾರ

ಅಮೆರಿಕದಲ್ಲಿ ಉಳಿದಿರೋದು ಮೂರೇ ಜಪಾನ್‌ಟೌನ್‌ಗಳು. ಒಂದು ಸ್ಯಾನ್ ಹೋಸೆಯ ಜ್ಯಾಕ್ಸನ್ ಸ್ಟ್ರೀಟ್. ನಾಲ್ಕು ಬೀದಿಯಷ್ಟೇ, ಶಾಂತ ಜಾಗ. ಇದರ ಪಕ್ಕದಲ್ಲೇ ಚೈನಾಟೌನ್ ಇತ್ತು. ಅದು ಅಲ್ಲಿಗೆ ಬಂದ ಕಥೆ ಕೇಳಿ. ಪೇಟೆ ನಡುವೆ ಇದ್ದ ಚೀನೀಯರ ಕೇರಿಗೆ 1887ರ ಮೇ ತಿಂಗಳಲ್ಲಿ ಬೆಂಕಿ ಇಟ್ಟರು. ಚೀನೀ ಕೂಲಿಗಳು ಬರಬಾರದು ಅಂತ ದೇಶ ಕಾನೂನು ಮಾಡಿದ್ದು 1882ರಲ್ಲಿ, ಆ ದ್ವೇಷದ ಕಾಲ ಅದು. ಜಾನ್ ಹೈನ್ಲೆನ್ ಅನ್ನೋ ಜರ್ಮನ್ ವಲಸಿಗ, ಊರವರ ಬೆದರಿಕೆಗೂ ಬಗ್ಗದೆ, ತನ್ನ ಜಾಗದಲ್ಲಿ ಅವರಿಗೆ ಹೊಸ ಕೇರಿ ಕಟ್ಟಿಕೊಟ್ಟ. ಅದಕ್ಕೆ ಹೈನ್ಲೆನ್‌ವಿಲ್ ಅಂತಲೇ ಹೆಸರು. ಸ್ಯಾನ್ ಹೋಸೆ ನಗರಸಭೆ ಚೀನೀಯರ ಕ್ಷಮೆ ಕೇಳಿದ್ದು 2021ರಲ್ಲಿ.

ಆ ಕೇರಿಯ ಪಕ್ಕಕ್ಕೆ ಜಪಾನಿನವರು ಬಂದು ಸೇರಿದರು. 1942ರಲ್ಲಿ ಯುದ್ಧದ ನೆಪದಲ್ಲಿ ಅವರನ್ನೆಲ್ಲ, ಇಲ್ಲೇ ಹುಟ್ಟಿದವರನ್ನೂ ಸೇರಿಸಿ, ಮುಳ್ಳುತಂತಿ ಶಿಬಿರಗಳಿಗೆ ಸಾಗಿಸಿದರು. ಹಾಗೆ ಹೋದ ಒಬ್ಬ ಹತ್ತು ವರ್ಷದ ಹುಡುಗ ನಾರ್ಮನ್ ಮಿನೆಟಾ, 1971ರಲ್ಲಿ ಇದೇ ಊರಿನ ಮೇಯರ್ ಆಗಿ ಆಯ್ಕೆಯಾದ. ನಾನು ಇಳಿದ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು.

ಮಧ್ಯಾಹ್ನ ಸ್ಟೋರಿ ರೋಡಿಗೆ ಹೋದೆ. ವಿಯೆಟ್ನಾಂ ಬಿಟ್ಟರೆ ಜಗತ್ತಿನಲ್ಲಿ ಒಂದೇ ನಗರದಲ್ಲಿ ಅತಿ ಹೆಚ್ಚು ವಿಯೆಟ್ನಾಮಿಗಳು ಇರೋದು ಸ್ಯಾನ್ ಹೋಸೆಯಲ್ಲಿ, ಒಂದು ಲಕ್ಷಕ್ಕೂ ಜಾಸ್ತಿ. ಗ್ರ್ಯಾಂಡ್ ಸೆಂಚುರಿ ಮಾಲ್‌ನೊಳಗೆ ಒಂದು ಇಂಗ್ಲಿಷ್ ಮಾತು ಕೇಳಿಸಲಿಲ್ಲ. ಎಂಬತ್ತು ದಾಟಿದ ಗಂಡಸರು ಕಾಫಿ ಲೋಟ ಇಟ್ಟುಕೊಂಡು ದುಂಡನೆ ಬಿಲ್ಲೆಗಳ ಚದುರಂಗ ಆಡ್ತಿದ್ದರು. ಬಿಲ್ಲೆ ಕುಕ್ಕಿದ ಸದ್ದು, ಸುತ್ತ ನಿಂತವರ ಸಲಹೆ. ಕಾಫಿ ಸೋಸೋಕೆ ಸಣ್ಣ ಸ್ಟೀಲ್ ಫಿಲ್ಟರನ್ನು ಲೋಟದ ಮೇಲೇ ಕೂರಿಸ್ತಾರೆ, ತಳದಲ್ಲಿ ಕಂಡೆನ್ಸ್ಡ್ ಹಾಲು. ಡಿಕಾಕ್ಷನ್ ಹನಿ ಹನಿಯಾಗಿ ಬೀಳೋದನ್ನು ನೋಡ್ತಾ ಕೂತರೆ ಹತ್ತು ನಿಮಿಷ ಹೋಗಿದ್ದೇ ತಿಳಿಯೋದಿಲ್ಲ. ನಮ್ಮ ಫಿಲ್ಟರ್ ಕಾಫಿಗಿಂತ ಗಟ್ಟಿ. ಸಿಹಿ ಮಾತ್ರ ಜಾಸ್ತಿ.

ಇಲ್ಲಿ ಹಾರಾಡೋದು ಈಗಿನ ವಿಯೆಟ್ನಾಂ ಬಾವುಟ ಅಲ್ಲ. ಹಳದಿಯ ಮೇಲೆ ಮೂರು ಕೆಂಪು ಪಟ್ಟಿ, 1975ರಲ್ಲಿ ಬಿದ್ದುಹೋದ ದಕ್ಷಿಣ ವಿಯೆಟ್ನಾಮಿನದು. ಸೈಗಾನ್ ಬಿದ್ದಾಗ ಓಡಿಬಂದವರು, ಆಮೇಲೆ ದೋಣಿಗಳಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಬಂದವರು. ಆಗ ಇಲ್ಲಿ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗಳು ಏಳುತ್ತಿದ್ದವು, ಸರ್ಕ್ಯೂಟ್ ಬೋರ್ಡ್ ಜೋಡಿಸೋ ಕೆಲಸಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಸಿಲಿಕಾನ್ ವ್ಯಾಲಿ ಅಂದರೆ ನಮಗೆ ಕೋಡ್ ಬರೆಯೋ ಹುಡುಗರೇ ಕಣ್ಣಿಗೆ ಬರ್ತಾರೆ. ಬೆಸುಗೆ ಹಾಕಿದ ಈ ಕೈಗಳ ಮಾತು ಯಾರೂ ಎತ್ತೋದಿಲ್ಲ.

ಬುಧವಾರ

ಮಿಲ್ಪಿಟಸ್. ಗ್ರೇಟ್ ಮಾಲ್‌ನಲ್ಲಿ ತಮ್ಮನ ಹೆಂಡತಿ ಚಪ್ಪಲಿ ನೋಡ್ತಿದ್ದಾಗ ನಾನು ಕಟ್ಟಡ ನೋಡುತ್ತಿದ್ದೆ. ಇದು ಮೊದಲು ಫೋರ್ಡ್ ಕಾರು ಫ್ಯಾಕ್ಟರಿ. 1955ರಲ್ಲಿ ಶುರುವಾಗಿ 1983ರಲ್ಲಿ ಮುಚ್ಚಿತು. ಫ್ಯಾಕ್ಟರಿಯ ಕರಿಯ ಕೆಲಸಗಾರರಿಗೆ ಸುತ್ತಮುತ್ತ ಯಾರೂ ಮನೆ ಕೊಡಲಿಲ್ಲ. ಕಾರ್ಮಿಕ ಸಂಘವೇ ನಿಂತು ಸನ್ನಿಹಿಲ್ಸ್ ಅಂತ ಬಡಾವಣೆ ಮಾಡಿಸಿತು, ಕರಿಯರು ಬಿಳಿಯರು ಒಟ್ಟಿಗೆ ಇರೋಕೆ. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. ಸಂಘದ ಬೆನ್ ಗ್ರಾಸ್ 1966ರಲ್ಲಿ ಮಿಲ್ಪಿಟಸ್ ಮೇಯರ್ ಆದರು, ಕ್ಯಾಲಿಫೋರ್ನಿಯಾದ ಮೊದಲ ಕರಿಯ ಮೇಯರ್‌ಗಳಲ್ಲಿ ಒಬ್ಬರು. ಈಗ ಆ ಊರಲ್ಲಿ ಏಷ್ಯನ್ನರೇ ಜಾಸ್ತಿ. ಇಡೀ ಕೌಂಟಿಯಲ್ಲಿ ಕರಿಯರ ಪಾಲು ಇಷ್ಟು ಕಡಿಮೆ ಯಾಕೆ ಅಂತ ಕೇಳಿದರೆ ಉತ್ತರದ ಒಂದು ತುಂಡು ಈ ಮಾಲ್‌ನ ಗೋಡೆಯಲ್ಲಿದೆ. ಫ್ಯಾಕ್ಟರಿ ಕೆಲಸ ಹೋಯಿತು, ಮನೆ ಬೆಲೆ ಏರಿತು.

ಚುನಾವಣೆಯ ಕಾಗದಗಳು ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್, ಚೀನೀ, ವಿಯೆಟ್ನಾಮೀಸ್, ಟಗಲಾಗ್ ಭಾಷೆಗಳಲ್ಲಿ ಬರುತ್ತವೆ. ಆ ಭಾಷೆಯ ಜನ ಇಷ್ಟಿದ್ದರೆ ಕೊಡಲೇಬೇಕು ಅಂತ ಕಾನೂನು. ತಲೆ ಎಣಿಸೋದರಿಂದ ಏನು ಉಪಯೋಗ ಅಂತ ಕೇಳೋರಿಗೆ ಇದನ್ನು ತೋರಿಸಬೇಕು.

ಗುರುವಾರ

ತಮ್ಮ ರಜೆ ಹಾಕಿ ಗಿಲ್ರಾಯ್‌ಗೆ ಕರೆದುಕೊಂಡು ಹೋದ. ಕೌಂಟಿಯ ದಕ್ಷಿಣದ ತುದಿ. ಕಾರಿನ ಗಾಜು ಇಳಿಸಿದೊಡನೆ ಬೆಳ್ಳುಳ್ಳಿ ಘಾಟು. ತಮ್ಮನ ಆಫೀಸು ಇರೋ ಕೌಂಟಿಯೇ ಇದೂ ಅಂತ ನಂಬೋದು ಕಷ್ಟ. ಬೆಟ್ಟ, ಹೊಲ, ಪ್ಯಾಕಿಂಗ್ ಶೆಡ್ಡು. ಅರವತ್ತು ಸಾವಿರದ ಹತ್ತಿರ ಜನಸಂಖ್ಯೆ, ಅರ್ಧಕ್ಕಿಂತ ಹೆಚ್ಚು ಲ್ಯಾಟಿನೋ. ಹೊಲದಲ್ಲಿ ಬಗ್ಗಿ ಕೆಲಸ ಮಾಡ್ತಿದ್ದವರು ಮುಖಕ್ಕೆ ಬಟ್ಟೆ ಕಟ್ಟಿ, ಅದರ ಮೇಲೆ ಟೋಪಿ ಹಾಕಿದ್ದರು. ಹತ್ತಿರ ಹೋಗಿ ನಿಂತಾಗ ಒಬ್ಬ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದ. ಕ್ಯಾಮೆರಾ ಜೇಬಿಂದ ತೆಗೆಯಲಿಲ್ಲ. ಕಾಗದಪತ್ರ ಇಲ್ಲದವರಿಗೆ ಹೊಸಬರನ್ನು ಕಂಡರೆ ಭಯ. ಗಣತಿದಾರನಿಗೆ ಇದಕ್ಕಿಂತ ದೊಡ್ಡ ಕಷ್ಟ ಇಲ್ಲ. ಅಮೆರಿಕದ ಗಣತಿ ಕಾಗದ ಕೇಳೋದಿಲ್ಲ, ಇಲ್ಲಿ ವಾಸ ಇರೋ ಎಲ್ಲರನ್ನೂ ಎಣಿಸಬೇಕು. ಬಾಗಿಲು ತೆರೆದರೆ ತಾನೇ ಎಣಿಸೋದು?

ಇಲ್ಲಿನ ಮನೆಗಳೂ ಈಗ ದುಬಾರಿ. ಉತ್ತರಕ್ಕೆ ಆಫೀಸಿಗೆ ಹೋಗೋರು ಕೊಂಡುಕೊಂಡಿದ್ದಾರೆ. ಇಲ್ಲಿ ದುಡಿಯೋರಲ್ಲಿ ಎಷ್ಟೋ ಜನ ಬೆಟ್ಟದಾಚೆಯ ಕೌಂಟಿಗಳಿಂದ ಮುಂಜಾನೆ ಕತ್ತಲಲ್ಲೇ ಹೊರಡ್ತಾರೆ.

ರಾತ್ರಿ ಊಟದ ಮೇಲೆ ತಮ್ಮ ಲ್ಯಾಪ್‌ಟಾಪ್‌ನಲ್ಲಿ 2020ರ ಗಣತಿ ಫಾರಂ ತೋರಿಸಿದ. ಒಂಬತ್ತೇ ಪ್ರಶ್ನೆ. ನಮ್ಮವರಿಗೆ 'ಏಷ್ಯನ್ ಇಂಡಿಯನ್' ಅನ್ನೋ ಚೌಕ. ಅದು ಬಂದಿದ್ದು 1980ರಲ್ಲಿ. 1930, 1940ರ ಗಣತಿಯಲ್ಲಿ ನಮ್ಮವರ ರೇಸ್ 'ಹಿಂದೂ', ಪಂಜಾಬಿನ ಸಿಖ್ಖನಾದರೂ ಸರಿ, ಮುಸ್ಲಿಮನಾದರೂ ಸರಿ. 1970ರಲ್ಲಿ ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು! ಬಣ್ಣ ಬದಲಾಗಲಿಲ್ಲ, ಫಾರಂ ಬದಲಾಯಿತು.

"ದೊಡ್ಡಪ್ಪ, ನಿಮ್ಮ ಫಾರಂನಲ್ಲಿ ಏನು ಕೇಳ್ತೀರಾ?" ಅಂತ ತಮ್ಮನ ಮಗಳು ಕೇಳಿದಳು. ಹನ್ನೊಂದು ವರ್ಷದವಳು. ಹೆಸರು, ವಯಸ್ಸು, ಧರ್ಮ, ಓದು, ಕೆಲಸ, ಆಮೇಲೆ ಮಾತೃಭಾಷೆ ಅಂದೆ.

"ಮಾತೃಭಾಷೆ ಅಂದ್ರೆ?"

"ಚಿಕ್ಕವಳಿದ್ದಾಗ ನಿನ್ನ ಅಮ್ಮ ನಿನ್ನ ಹತ್ತಿರ ಮಾತಾಡಿದ ಭಾಷೆ. ರೂಲ್ ಹಾಗಿದೆ."

"ಕನ್ನಡ ಅಂತ ಹಾಕು" ಅಂದ ತಮ್ಮ. ಹುಡುಗಿ ಯೋಚನೆ ಮಾಡಿದಳು. ಅಮ್ಮ ಫೋನಿನಲ್ಲಿ ಅಜ್ಜಿ ಜೊತೆ ತುಳು, ಅಪ್ಪನ ಜೊತೆ ಕನ್ನಡ, ಬೈಯೋವಾಗ ಇಂಗ್ಲಿಷ್. "ಜಾಸ್ತಿ ಬೈದಿದ್ದೇ ಅಲ್ವಾ, ಹಾಗಾದ್ರೆ ಇಂಗ್ಲಿಷ್ ಹಾಕ್ಬೇಕಾ?"

ಸಿಂಕ್ ಹತ್ತಿರ ಪಾತ್ರೆ ತೊಳೀತಿದ್ದ ಉಡುಪಿಯ ಹೆಣ್ಣುಮಗಳು ನಲ್ಲಿ ನಿಲ್ಲಿಸಿದಳು. "ತೊಟ್ಟಿಲು ತೂಗಿದ್ದು ತುಳುವಿನಲ್ಲಿ. ತುಳು ಅಂತಲೇ ಬರ್ಕೊಳ್ಳಿ ಭಾವ, ಇವರ ಮಾತು ಕೇಳಬೇಡಿ."